ಪಿಸ್ತೂಲು ಕೈಕೊಟ್ಟಿತು ಅಂತ ಬಿಲ್ಲು ಹಿಡಿಯಬೇಕಾ?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಭಾನುವಾರ ರೈಲು ಹತ್ತಿ ಮೈಸೂರಿಗೆ ಹೋಗುತ್ತೇನೆ. ಸರಸ್ವತಿಪುರಂನ ಗೆಳೆಯನ ಮನೆಯಲ್ಲಿ ಐದು ಜನ ಸೇರಿ ಪಾತ್‌ಫೈಂಡರ್ ಮೊದಲ ಆವೃತ್ತಿ ಆಡುತ್ತೇವೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ನನ್ನ ಪಾತ್ರ ಗನ್‌ಸ್ಲಿಂಗರ್ (ಬಂದೂಕುಗಾರ), ಮನುಷ್ಯ, ಈಗಷ್ಟೇ 4ನೇ ಲೆವೆಲ್. ಎರಡು ಕೈಗೆ ಎರಡು ಪಿಸ್ತೂಲು. ಬೇಗ ತುಂಬಬಹುದು ಅಂತ ಬರೀ ಕಾಗದದ ಕಾರ್ಟ್ರಿಜ್ ಬಳಸುತ್ತೇನೆ. ಮೂರು ಸೆಷನ್‌ನಲ್ಲಿ ಎರಡು ಸಲ ಜಾಮ್ ಆಯಿತು. ಇನ್ನೊಂದು ಸಲ ಪಿಸ್ತೂಲು ಕೈಯಲ್ಲೇ ಸಿಡಿದು, ಪಕ್ಕದಲ್ಲಿದ್ದ ವಿಝಾರ್ಡ್ (ಮಾಂತ್ರಿಕ) ನೆಲಕ್ಕೆ ಬಿದ್ದ. ದುಡ್ಡೂ ಖಾಲಿ. ಆಟ ನಡೆಸುವ ಜಿಎಂ ಬೇರೆ, "ಬಂದೂಕು ಫ್ಯಾಂಟಸಿಗೆ ಹೊಂದಲ್ಲ ಕಣ್ಲಾ, ಮೇಲಾಗಿ ನೀನು ಎಲ್ಲರ ಕವಚಕ್ಕೂ ಬೆಲೆ ಇಲ್ದಂಗೆ ಮಾಡ್ತೀಯ" ಅಂತಾನೆ. ಸುಮ್ನೆ ಬಿಲ್ಲುಗಾರ ಆಗಿಬಿಡಲಾ? ಲೆವೆಲ್ 4ರ ಬೋನಸ್ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಕೌಶಲ) ಇನ್ನೂ ಆರಿಸಿಲ್ಲ. ಪಾಯಿಂಟ್ ಬ್ಲಾಂಕ್ ಶಾಟ್, ಟೂ ವೆಪನ್ ಫೈಟಿಂಗ್, ವೆಪನ್ ಫೋಕಸ್ ಈಗಾಗಲೇ ಇವೆ.

ಉತ್ತರ: ಬೇಡ. ಆ ಬೋನಸ್ ಫೀಟ್ ಇನ್ನೂ ಆರಿಸಿಲ್ಲ ಅಂದಿರಲ್ಲ, ಅದೊಂದೇ ಮಾತಿನಿಂದ ನಿಮ್ಮ ಅರ್ಧ ಸಮಸ್ಯೆ ಮುಗಿಯುತ್ತದೆ. ರ‍್ಯಾಪಿಡ್ ರೀಲೋಡ್ ತಗೊಳ್ಳಿ. ಇದನ್ನು ಒಂದನೇ ಲೆವೆಲ್‌ನಲ್ಲೇ ತಗೊಳ್ಳಬೇಕಿತ್ತು, ಇರಲಿ.

ಯಾಕೆ ಅಂತ ಲೆಕ್ಕ ಹಾಕೋಣ. ಪಿಸ್ತೂಲಿಗೆ ಮದ್ದು, ಗುಂಡು ಬಿಡಿಬಿಡಿಯಾಗಿ ತುಂಬಲು ಒಂದು ಸ್ಟ್ಯಾಂಡರ್ಡ್ ಆ್ಯಕ್ಷನ್, ಅಂದರೆ ಒಂದು ದಾಳಿಗೆ ಹಿಡಿಯುವಷ್ಟು ಸಮಯ, ಬೇಕು. ಕಾಗದದ ಕಾರ್ಟ್ರಿಜ್ ಬಳಸಿದರೆ ಅದು ಮೂವ್ ಆ್ಯಕ್ಷನ್‌ಗೆ, ಅಂದರೆ ನಾಲ್ಕು ಹೆಜ್ಜೆ ನಡೆಯುವಷ್ಟು ಸಮಯಕ್ಕೆ, ಇಳಿಯುತ್ತದೆ. ಹಾಗಾಗಿ ನೀವು ಪ್ರತಿ ಸುತ್ತಿನಲ್ಲಿ, ಅಂದರೆ ಎಲ್ಲರಿಗೂ ಒಂದೊಂದು ಸರದಿ ಬರುವಷ್ಟರಲ್ಲಿ, ಒಂದು ಗುಂಡು ಹೊಡೆಯುತ್ತಿದ್ದೀರಿ. ಆದರೆ ಕಾರ್ಟ್ರಿಜ್ ಸುಮ್ನೆ ಬರುವುದಿಲ್ಲ, ಮಿಸ್‌ಫೈರ್ ಸಂಖ್ಯೆಯನ್ನು ಒಂದು ಏರಿಸುತ್ತದೆ. ಪಿಸ್ತೂಲು ಡಿ20ರಲ್ಲಿ, ಅಂದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ, 1 ಬಿದ್ದರೆ ಕೈಕೊಡಬೇಕಾದ್ದು, 1 ಬಿದ್ದರೂ 2 ಬಿದ್ದರೂ ಕೈಕೊಡುತ್ತದೆ. ನೂರಕ್ಕೆ 5 ಇದ್ದದ್ದು 10 ಆಯಿತು. ಬೆಲೆ ನೋಡಿ: ಕಾರ್ಟ್ರಿಜ್ ಒಂದಕ್ಕೆ 12 ಚಿನ್ನದ ನಾಣ್ಯ. ಬಿಡಿ ಮದ್ದು 10, ಗುಂಡು 1, ಒಟ್ಟು 11. ಒಂದೇ ನಾಣ್ಯದ ವ್ಯತ್ಯಾಸ ಅಲ್ವಾ ಅಂತ ನೀವು ಅಂದುಕೊಂಡಿರಬೇಕು. ಆದರೆ ನಿಮ್ಮ ಪಾತ್ರದ ಕ್ಲಾಸ್‌ಗೆ, ಅಂದರೆ ಗನ್‌ಸ್ಲಿಂಗರ್‌ಗೆ, ಗನ್‌ಸ್ಮಿತಿಂಗ್ ಫೀಟ್ ಪುಕ್ಕಟೆ ಸಿಗುತ್ತದೆ. ಬಿಡಿ ಮದ್ದು, ಗುಂಡನ್ನು ನೀವೇ ಮಾಡಿಕೊಂಡರೆ ಹತ್ತನೇ ಒಂದು ಭಾಗ ಖರ್ಚು. ಅಂದರೆ ಒಂದು ಹೊಡೆತಕ್ಕೆ ಒಂದು ನಾಣ್ಯದ ಮೇಲೆ ಚಿಲ್ಲರೆ. ನೀವು ಅಂಗಡಿಯಿಂದ ಕಾರ್ಟ್ರಿಜ್ ತಂದು, ಹತ್ತು ಪಟ್ಟು ದುಡ್ಡು ಕೊಟ್ಟು, ಎರಡು ಪಟ್ಟು ಜಾಮ್ ಕೊಂಡುಕೊಂಡಿದ್ದೀರಿ.

ರ‍್ಯಾಪಿಡ್ ರೀಲೋಡ್ ಇದ್ದರೆ ಬಿಡಿ ಮದ್ದನ್ನೇ ಮೂವ್ ಆ್ಯಕ್ಷನ್‌ನಲ್ಲಿ ತುಂಬಬಹುದು. ಈಗಿನಷ್ಟೇ ವೇಗ, ಅರ್ಧ ಅಪಾಯ. ನಿಮ್ಮ ಲೆವೆಲ್‌ಗೆ ಹೇಗೂ ಸುತ್ತಿಗೆ ಒಂದೇ ದಾಳಿ. ಎರಡನೇ ದಾಳಿ ಬರುವುದು 6ನೇ ಲೆವೆಲ್‌ಗೆ. ಆಗ ಕಾರ್ಟ್ರಿಜ್ ತೆಗೆಯಿರಿ. ರ‍್ಯಾಪಿಡ್ ರೀಲೋಡ್ ಜೊತೆ ಅದು ಸೇರಿದರೆ ಪಿಸ್ತೂಲು ತುಂಬುವುದು ಫ್ರೀ ಆ್ಯಕ್ಷನ್, ಅಂದರೆ ಸಮಯವೇ ಹಿಡಿಯದ ಕೆಲಸ, ಆಗುತ್ತದೆ. ಅಲ್ಲಿಯವರೆಗೆ ನಾಲ್ಕೈದು ಕಾರ್ಟ್ರಿಜ್ ಸೊಂಟದಲ್ಲಿರಲಿ, ತುಂಬುವ ಮೂವ್ ಆ್ಯಕ್ಷನ್ನೂ ಬೇಕಾದಾಗ, ಅಂದರೆ ಓಡಿಹೋಗಿ ಹೊಡೆಯಬೇಕಾದಾಗ ಮಾತ್ರ.

ಎರಡು ಕೈಗೆ ಎರಡು ಪಿಸ್ತೂಲು ನೋಡಲು ಚೆಂದ, ಒಪ್ಪಿದೆ. ಆದರೆ ತುಂಬಲು ಒಂದು ಕೈ ಖಾಲಿ ಬೇಕಲ್ಲ. ಮೊದಲ ಸುತ್ತಲ್ಲಿ ಢಂ ಢಂ ಅಂದ ಮೇಲೆ ನಿಮ್ಮ ಪಾತ್ರ ಎರಡು ಕಬ್ಬಿಣದ ತುಂಡು ಹಿಡಿದು ನಿಂತಿರುತ್ತದೆ. ಟೂ ವೆಪನ್ ಫೈಟಿಂಗ್ ಬದಲಾಯಿಸಿಕೊಳ್ಳಲು ಜಿಎಂ ಒಪ್ಪಿದರೆ ಬದಲಾಯಿಸಿ. ಒಂದು ಫೀಟ್ ಕಲಿತದ್ದನ್ನು ಮರೆತು ಹೊಸದು ಕಲಿಯಲು 5 ದಿನ, ನಿಮ್ಮ ಲೆವೆಲ್‌ಗೆ 200 ನಾಣ್ಯ, ಕಲಿಸುವವನೊಬ್ಬ ಬೇಕು. ಅದರ ಜಾಗಕ್ಕೆ ಪ್ರಿಸೈಸ್ ಶಾಟ್ ತನ್ನಿ. ನಿಮ್ಮ ಫೈಟರ್ ಶತ್ರುವಿನ ಜೊತೆ ಕೈ ಕೈ ಮಿಲಾಯಿಸುತ್ತಿರುವಾಗ ಮೈನಸ್ 4ರಲ್ಲಿ ಹೊಡೆಯುತ್ತಿದ್ದೀರಲ್ಲ, ಅದು ತಪ್ಪುತ್ತದೆ. ಎರಡನೇ ಪಿಸ್ತೂಲನ್ನು ಮಾರಬೇಡಿ. ರಾತ್ರಿಯೇ ಬಿಡಿ ಮದ್ದು ತುಂಬಿ ಸೊಂಟಕ್ಕೆ ಸಿಗಿಸಿಕೊಳ್ಳಿ. ಮೊದಲನೆಯದು ಕೈಕೊಟ್ಟಾಗ ಅದನ್ನು ಕೆಳಗೆ ಬಿಟ್ಟು, ನಾಲ್ಕು ಹೆಜ್ಜೆ ನಡೆಯುತ್ತಾ ಇದನ್ನು ಎಳೆದು ಹೊಡೆಯಬಹುದು. ಸಿಡಿದುಹೋದದ್ದಕ್ಕೆ ಬದಲಿಯನ್ನು ನೀವೇ ಮಾಡಿ. ಅಂಗಡಿಯಲ್ಲಿ 1000 ನಾಣ್ಯ, ಕೈಯಾರೆ ಮಾಡಿಕೊಂಡರೆ 500, ಒಂದು ದಿನದ ಕೆಲಸ.

ಇನ್ನು ಆ ಸ್ಫೋಟ. ಅದರ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ಕೂತೆ. ಮೊದಲ ಮಿಸ್‌ಫೈರ್‌ಗೆ ಯಾವ ಪಿಸ್ತೂಲೂ ಸಿಡಿಯುವುದಿಲ್ಲ. ಮೊದಲು "ಬ್ರೋಕನ್" ಆಗುತ್ತದೆ. ಆಗ ಮಿಸ್‌ಫೈರ್ ಸಂಖ್ಯೆ ಇನ್ನೂ 4 ಏರುತ್ತದೆ. ಪಿಸ್ತೂಲಿನ 1, ಕಾರ್ಟ್ರಿಜ್‌ನ 1, ಮುರಿದದ್ದರ 4, ಒಟ್ಟು 6. ಡಿ20ರಲ್ಲಿ 1ರಿಂದ 6ರವರೆಗೆ ಏನು ಬಿದ್ದರೂ ಸ್ಫೋಟ. ನೂರಕ್ಕೆ 30. ಮುರಿದ ಪಿಸ್ತೂಲಿಗೆ ಮತ್ತೆ ಕಾರ್ಟ್ರಿಜ್ ತುರುಕಿ ನೀವು ಹೊಡೆದಿದ್ದೀರಿ. ಅದೃಷ್ಟವನ್ನು ಬೈಯಬೇಡಿ, ವಿಝಾರ್ಡ್ ಆಡುವ ಗೆಳೆಯನಿಗೆ ಮಸಾಲೆ ದೋಸೆ ಕೊಡಿಸಿ.

ಮುರಿದ ಬಂದೂಕಿಗೆ ಕ್ವಿಕ್ ಕ್ಲಿಯರ್ ಅನ್ನುವ ಡೀಡ್ (ಗನ್‌ಸ್ಲಿಂಗರ್‌ನ ವಿಶೇಷ ವಿದ್ಯೆ) ಒಂದನೇ ಲೆವೆಲ್‌ನಿಂದಲೇ ನಿಮ್ಮ ಬಳಿ ಇದೆ. ಕೈಯಲ್ಲಿ ಒಂದಾದರೂ ಗ್ರಿಟ್ (ಇಂಥ ಡೀಡ್‌ಗಳನ್ನು ನಡೆಸುವ ಕೆಚ್ಚಿನ ಅಂಕ) ಉಳಿದಿದ್ದರೆ ಸಾಕು, ಸ್ಟ್ಯಾಂಡರ್ಡ್ ಆ್ಯಕ್ಷನ್‌ನಲ್ಲಿ ಸರಿಹೋಗುತ್ತದೆ. ಆ ಗ್ರಿಟ್ ಖರ್ಚು ಮಾಡಿದರೆ ಮೂವ್ ಆ್ಯಕ್ಷನ್. ಖರ್ಚು ಮಾಡಿ ಸರಿಮಾಡಿ, ಉಳಿದ ಆ್ಯಕ್ಷನ್‌ನಲ್ಲಿ ಮತ್ತೆ ತುಂಬಿ, ಮುಂದಿನ ಸುತ್ತಿಗೆ ಹೊಡೆಯಿರಿ. ಒಂದು ಸುತ್ತು ಹೋಗುತ್ತದೆ, ಹೋಗಲಿ. ಇದಕ್ಕೇ ನಾನು ಹೊಸಬರಿಗೆ ಹೇಳುವುದು, ಕಡೇ ಗ್ರಿಟ್ ಮುಟ್ಟಬೇಡಿ ಅಂತ. ಊರಿಗೆ ವಾಪಸ್ ಹೋಗಲು ಅಂತ ಜೇಬಿನ ಮೂಲೆಯಲ್ಲಿ ಇಟ್ಟುಕೊಂಡ ಟಿಕೆಟ್ ದುಡ್ಡಿನ ಹಾಗೆ ಅದು. 3ನೇ ಲೆವೆಲ್‌ನಲ್ಲಿ ಬರುವ ಇನಿಶಿಯೇಟಿವ್ (ಯಾರ ಸರದಿ ಮೊದಲು ಅನ್ನುವ ಲೆಕ್ಕ) ಪ್ಲಸ್ 2 ಕೂಡ ಒಂದು ಗ್ರಿಟ್ ಕೈಯಲ್ಲಿ ಇದ್ದರೆ ಮಾತ್ರ. ಗ್ರಿಟ್ ಎಷ್ಟು ಅನ್ನುವುದು ಪಾತ್ರದ ವಿಸ್ಡಮ್ (ವಿವೇಕದ ಅಂಕ) ಮೇಲೆ ನಿಂತಿದೆ. ವಿಸ್ಡಮ್ 10 ಇಟ್ಟಿದ್ದರೆ ನಿಮ್ಮ ಬಳಿ ಇರುವುದೇ ಒಂದು. ಆಗಂತೂ ಅದು ದೇವರ ಹುಂಡಿ. ಬಂದೂಕಿನಿಂದ ಕ್ರಿಟ್ (ಹಲವು ಪಟ್ಟು ನೋಯಿಸುವ ಹೊಡೆತ) ಹೊಡೆದರೆ, ಇಲ್ಲವೇ ನಿಮ್ಮ ಸಮಕ್ಕೆ ನಿಲ್ಲುವಂಥ ಶತ್ರುವನ್ನು ಬಂದೂಕಿನಿಂದಲೇ ಮುಗಿಸಿದರೆ ಒಂದು ವಾಪಸ್ ಬರುತ್ತದೆ. ಇಲಿ ಕೊಂದು ಗ್ರಿಟ್ ತುಂಬಿಸಿಕೊಳ್ಳುವ ಉಪಾಯ ಮಾಡಬೇಡಿ. ಪುಸ್ತಕ ಅದನ್ನು ಮೊದಲೇ ಯೋಚಿಸಿ ಬಾಗಿಲು ಹಾಕಿದೆ.

5ನೇ ಲೆವೆಲ್‌ಗೆ ಗನ್ ಟ್ರೈನಿಂಗ್ ಬರುತ್ತದೆ. ಪಿಸ್ತೂಲು ಆರಿಸಿಕೊಂಡರೆ ಡೆಕ್ಸ್‌ಟೆರಿಟಿಯ (ಚುರುಕುತನದ) ಬೋನಸ್ ಡ್ಯಾಮೇಜಿಗೂ ಸೇರುತ್ತದೆ. ಮುರಿದಾಗ ಮಿಸ್‌ಫೈರ್ ಸಂಖ್ಯೆ 4ರ ಬದಲು 2 ಮಾತ್ರ ಏರುತ್ತದೆ. ನೀವು ಬಿಟ್ಟುಹೋಗಬೇಕು ಅಂತಿರುವುದು, ಈ ಕ್ಲಾಸ್ ಸರಿಯಾಗಿ ಕಣ್ಣು ಬಿಡುವುದಕ್ಕೆ ಒಂದೇ ಲೆವೆಲ್ ಮುಂಚೆ!

ಲೆಕ್ಕ ಸಾಕು. ನಿಮ್ಮ ಪತ್ರದಲ್ಲಿ ನನಗೆ ಕಂಡ ದೊಡ್ಡ ಕೊರತೆ ಬೇರೆ. ಹೊಡೆದದ್ದು, ತಪ್ಪಿದ್ದು, ಸಿಡಿದದ್ದು ಎಲ್ಲ ಬರೆದಿದ್ದೀರಿ. ತುಂಬುವುದನ್ನು ಮಾತ್ರ "ಬೇಗ ತುಂಬಬಹುದು" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಬಿಲ್ಲುಗಾರನಿಗೂ ಕೋವಿ ಹಿಡಿದವನಿಗೂ ಇರುವ ವ್ಯತ್ಯಾಸವೇ ಅದು. ಹೊಡೆಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ನಿಮ್ಮ ಪಾತ್ರ ಬದುಕುವುದು ಎರಡು ಹೊಡೆತಗಳ ನಡುವೆ.

ಇದನ್ನು ಕಣ್ಣಾರೆ ನೋಡಬೇಕಾದರೆ ದೂರ ಹೋಗಬೇಕಿಲ್ಲ. ದಸರೆಗೆ ಮುಂಚೆ ಮೈಸೂರಲ್ಲಿ ಆನೆ, ಕುದುರೆಗಳಿಗೆ ಸಿಡಿಮದ್ದಿನ ತಾಲೀಮು ನಡೆಯುತ್ತದಲ್ಲ, ಒಮ್ಮೆ ಹೋಗಿ. ಎಲ್ಲರೂ ಆನೆ ಬೆದರುತ್ತದಾ ಅಂತ ನೋಡುತ್ತಿರುತ್ತಾರೆ. ನೀವು ಫಿರಂಗಿ ದಳದವರ ಕೈ ನೋಡಿ. 7 ಫಿರಂಗಿ, 21 ಸುತ್ತು ಕುಶಾಲತೋಪು, ಅಂದರೆ ಒಂದೊಂದು ಫಿರಂಗಿಗೆ ಮೂರು ಸಲ. ಒಂದು ಸುತ್ತು ಹಾರಿದ ತಕ್ಷಣ ಒಬ್ಬರು ತುದಿಗೆ ಒದ್ದೆ ಬಟ್ಟೆ ಸುತ್ತಿದ ಉದ್ದ ಕೋಲನ್ನು ನಳಿಕೆಯೊಳಗೆ ತುರುಕಿ, ತಿರುವಿ, ಎಳೆಯುತ್ತಾರೆ. ಒಳಗೆ ಒಂದು ಕಿಡಿ ಉಳಿದಿದ್ದರೂ ಮುಂದಿನ ಮದ್ದು ಇಡುವವರ ಕೈ ಹೋಯಿತು. ಆಮೇಲೆ ಮದ್ದು, ಆಮೇಲೆ ಅದನ್ನು ಒತ್ತಿ ಕೂರಿಸುವುದು, ಆಮೇಲೆ ಬೆಂಕಿ. ಯಾರೂ ಮಾತಾಡುವುದಿಲ್ಲ, ಯಾರೂ ಇನ್ನೊಬ್ಬರ ದಾರಿಗೆ ಅಡ್ಡ ಬರುವುದಿಲ್ಲ. ಸದ್ದಿಗಿಂತ ಆ ಕೈಗಳ ಅವಸರವೇ ನನಗೆ ಎದೆ ಹೊಡೆದುಕೊಳ್ಳುವ ಹಾಗೆ ಮಾಡುವುದು.

ನಿಮ್ಮ ಪಿಸ್ತೂಲಿನಲ್ಲೂ ಇದೇ ಸಣ್ಣದಾಗಿ ನಡೆಯುತ್ತದೆ. ನಳಿಕೆಗೆ ಅಳತೆಯ ಮದ್ದು, ಅದರ ಮೇಲೆ ಗುಂಡು, ಕಡ್ಡಿಯಿಂದ ಗಿಡಿದು ಕೂರಿಸುವುದು. ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು. ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಬಟ್ಟಲಿಗೆ ಬಿದ್ದು, ಅಲ್ಲಿಂದ ಸಣ್ಣ ತೂತಿನೊಳಗೆ ನುಗ್ಗಿ ಒಳಗಿನ ಮದ್ದಿಗೆ ತಾಗಬೇಕು. ಬಟ್ಟಲಲ್ಲಿ ಭಗ್ ಅಂದು ಒಳಗೆ ಏನೂ ಆಗದಿದ್ದರೆ ಅದೇ ಮಿಸ್‌ಫೈರ್‌ನ ಒಂದು ಬಗೆ. ಕಲ್ಲು ಸವೆದಿದ್ದರೆ, ತೂತಲ್ಲಿ ಮಸಿ ಕಟ್ಟಿದ್ದರೆ, ಮಳೆ ಹನಿ ಬಿದ್ದಿದ್ದರೆ ಹಾಗಾಗುತ್ತದೆ. ಪಳಗಿದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಸಲ ಹೊಡೆಯುತ್ತಿದ್ದ. ಆಟದ ಒಂದು ಸುತ್ತು 6 ಸೆಕೆಂಡ್. ಅಂದರೆ ನಿಮ್ಮ ಪಾತ್ರ ಅವನಿಗಿಂತ ಮೂರರಿಂದ ಐದು ಪಟ್ಟು ಚುರುಕು. ಪುಸ್ತಕ ನಿಮ್ಮ ಮೇಲೆ ಕರುಣೆ ತೋರಿಸಿದೆ, ದೂರಬೇಡಿ.

ಹಾಗಾಗಿ "ಮೂವ್ ಆ್ಯಕ್ಷನ್, ರೀಲೋಡ್" ಅಂತ ಹೇಳಿ ಫೋನ್ ನೋಡಲು ಶುರುಮಾಡಬೇಡಿ. ಒಂದೇ ಒಂದು ವಾಕ್ಯ ಸೇರಿಸಿ. ನಮ್ಮ ಗುಂಪಿನಲ್ಲಿ ಒಬ್ಬರು ಮಸ್ಕೆಟ್ ಹಿಡಿದ ಮುದುಕಿಯ ಪಾತ್ರ ಆಡುತ್ತಿದ್ದರು. ತುಂಬುವಾಗಲೆಲ್ಲ ಆ ಅಜ್ಜಿ ಯಾರನ್ನಾದರೂ ಬೈಯುತ್ತಿದ್ದಳು. ಬೈಗುಳ ಮುಗಿಯುವುದಕ್ಕೂ ಮದ್ದು ಕೂರುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ಹೊಳೆ ದಾಟುವಾಗ ಓರ್ಕ್‌ಗಳು ಮೇಲೆ ಬಿದ್ದರು. ಜಿಎಂ ಮಳೆ ಸುರಿಸಿದ. ಮುಚ್ಚಳ ಹಾಕದ ಮದ್ದೆಲ್ಲ ಕೆಸರಾಯಿತು. ಅಜ್ಜಿ ಬೈಯಲಿಲ್ಲ. ಮಸ್ಕೆಟ್ಟನ್ನು ತಿರುಗಿಸಿ ನಳಿಕೆ ಹಿಡಿದುಕೊಂಡಳು. ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ. ಅವಳು ಬೈಯುತ್ತಿಲ್ಲ ಅಂದರೆ ಇವತ್ತು ಗುಂಡು ಇಲ್ಲ ಅಂತ ಎಲ್ಲರಿಗೂ ಗೊತ್ತಾಗಿತ್ತು. ಆಮೇಲೆ ಒಂದು ಕೊಂಬಿನ ಡಬ್ಬಿ ಕೊಂಡಳು, ಮದ್ದು ಒದ್ದೆಯಾಗದಿರಲು. ನೀವೂ ಕೊಳ್ಳಿ, ಮೂರೇ ನಾಣ್ಯ.

ಈಗ ನಿಮ್ಮ ಜಿಎಂ ವಿಷಯ. ಅವರದು ಎರಡು ದೂರು, ಎರಡಕ್ಕೂ ಬೇರೆ ಬೇರೆ ಉತ್ತರ.

ಬಂದೂಕು ಫ್ಯಾಂಟಸಿಗೆ ಹೊಂದಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಡಿಯಿಂದ ಮುಡಿವರೆಗೆ ಉಕ್ಕು ಹೊದ್ದ ನೈಟ್ ಇಲ್ಲದೆ ಅವರ ಲೋಕ ನಡೆಯುತ್ತದಾ? ಆ ಪೂರ್ತಿ ಕವಚ ಯುರೋಪಿನಲ್ಲಿ ಬಂದದ್ದು 15ನೇ ಶತಮಾನದಲ್ಲಿ. ಕೈಗೋವಿ ಅದಕ್ಕೂ ಮುಂಚೆಯೇ ಅಲ್ಲಿತ್ತು. ಆಮೇಲಂತೂ ಕಮ್ಮಾರರು ಎದೆಕವಚಕ್ಕೆ ಗುಂಡು ಹೊಡೆದು, ಬಿದ್ದ ತಗ್ಗನ್ನೇ ಗಟ್ಟಿತನಕ್ಕೆ ಸಾಕ್ಷಿ ಅಂತ ತೋರಿಸಿ ಮಾರುತ್ತಿದ್ದರು. ಇನ್ನು ನಮ್ಮ ಕಡೆ? ಮುಂದಿನ ಭಾನುವಾರ ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್‌ಗೆ ಹೋಗಿ. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಆನೆ, ಕುದುರೆ, ಕತ್ತಿ, ಕೋವಿ, ಫಿರಂಗಿ ಎಲ್ಲ ಒಂದೇ ಗೋಡೆಯಲ್ಲಿ. ಇಂಗ್ಲಿಷರ ಸಾಲಿನ ನಡುವೆ ಮದ್ದಿನ ಗಾಡಿ ಸಿಡಿಯುತ್ತಿರುವುದನ್ನು ಹುಡುಕಿ. ಆ ಒಂದು ಚಿತ್ರದಿಂದ ನಿಮ್ಮ ಜಿಎಂ ಒಂದು ಇಡೀ ಸೆಷನ್ ಕಟ್ಟಬಹುದು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳಂತೂ ಆಮೇಲೆ ಇಂಗ್ಲೆಂಡಿನಲ್ಲಿ ರಾಕೆಟ್ ಮಾಡಿದ ಕಾಂಗ್ರೀವ್‌ನಿಗೇ ಪಾಠವಾದವು.

ಶ್ರೀರಂಗಪಟ್ಟಣದಲ್ಲೇ ಮದ್ದಿನ ಮನೆಗಳೂ ಇವೆ. ಅರ್ಧ ನೆಲದೊಳಗೆ ಇಳಿಸಿ ಕಟ್ಟಿದ ದಪ್ಪ ಗೋಡೆಯವು. ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂತು ಅಂತ 2017ರಲ್ಲಿ ಅಂಥದ್ದೊಂದನ್ನು ಕೆಡವದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ನೀವು ವಾರ ವಾರ ಹೋಗುವ ಹಳಿ ಅದೇ. ನಿಮ್ಮ ಪಾತ್ರ ಯಾವ ಊರಿಂದ ಬಂದ ಅಂತ ಜಿಎಂ ಕೇಳಿದರೆ, ಮದ್ದಿನ ಮನೆ ಕಾಯುತ್ತಿದ್ದವನ ಮಗ ಅಂತ ಹೇಳಿ. ಮನೆಯೊಳಗೆ ದೀಪ ಹಚ್ಚಲು ಹೆದರುವ ಹುಡುಗ. ಪಾತ್‌ಫೈಂಡರ್‌ನ ಲೋಕದಲ್ಲೇ ಬೇಕು ಅಂದರೆ ಆಲ್ಕೆನ್‌ಸ್ಟಾರ್ ಇದೆ. ಸುತ್ತಲಿನ ನೆಲದಲ್ಲಿ ಮಾಯೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಅಲ್ಲಿಯವರು ಬಂದೂಕು ಕಟ್ಟಿದರು. ಕಾರಣ ಗಟ್ಟಿಯಾಗಿದೆ. ಆದರೆ ನನಗೆ ದೀಪಕ್ಕೆ ಹೆದರುವ ಹುಡುಗನೇ ಇಷ್ಟ.

ಕವಚಕ್ಕೆ ಬೆಲೆ ಇಲ್ಲದಂತೆ ಮಾಡುತ್ತೀಯ ಅನ್ನುವ ಎರಡನೇ ದೂರಿನಲ್ಲಿ ಸತ್ಯ ಇದೆ. ಪಿಸ್ತೂಲು ತನ್ನ ಮೊದಲ 20 ಅಡಿಯೊಳಗೆ ಟಚ್ ಎಸಿ ಮೇಲೆ ಹೊಡೆಯುತ್ತದೆ. ಎಸಿ ಅಂದರೆ ಏಟು ತಾಗಲು ಮುಟ್ಟಬೇಕಾದ ಸಂಖ್ಯೆ, ಟಚ್ ಎಸಿ ಅಂದರೆ ಬರೀ ಮೈ ಮುಟ್ಟಿದರೆ ಸಾಕು ಅನ್ನುವಾಗಿನದು. ಕವಚ, ಗುರಾಣಿ, ದಪ್ಪ ಚರ್ಮ ಯಾವುದೂ ಲೆಕ್ಕಕ್ಕಿಲ್ಲ. ಬೆಳೆದ ಕೆಂಪು ಡ್ರ್ಯಾಗನ್‌ನ ಎಸಿ 29, ಟಚ್ 8. ಜಿಎಂ ಆಗಿ ಕೂತವರಿಗೆ ಹೊಟ್ಟೆ ಉರಿಯದೆ ಇರುತ್ತದಾ? ಆದರೆ ಈಗ ನಿಮ್ಮ ಗುಂಡು ತಾಗಿದರೆ ಆಗುವುದೇನು? ಒಂದು ಡಿ8, ಹತ್ತಿರ ಇದ್ದರೆ ಪ್ಲಸ್ 1. ಸರಾಸರಿ ಐದೂವರೆ. ನಿಮ್ಮ ಲೆವೆಲ್‌ನ ಬಿಲ್ಲುಗಾರ ರ‍್ಯಾಪಿಡ್ ಶಾಟ್ ಇಟ್ಟುಕೊಂಡು ಸುತ್ತಿಗೆ ಎರಡು ಬಾಣ ಬಿಡುತ್ತಾನೆ, ಮೇಲೆ ತೋಳಿನ ಬಲವನ್ನೂ ಸೇರಿಸುತ್ತಾನೆ. ಅವನ ಬಾಣಗಳು ಜಾಸ್ತಿ ತಪ್ಪುತ್ತವೆ, ತಾಗಿದಾಗ ಜಾಸ್ತಿ ನೋಯಿಸುತ್ತವೆ. ಈ ಲೆಕ್ಕವನ್ನು ಜಗಳ ಮಾಡದೆ ಜಿಎಂ ಮುಂದೆ ಇಡಿ.

ಜೊತೆಗೆ ಇದನ್ನೂ ನೀವೇ ಮೊದಲು ಹೇಳಿಬಿಡಿ: 6, 7ನೇ ಲೆವೆಲ್ ದಾಟಿದ ಮೇಲೆ ಅವರ ದೂರು ನಿಜವಾಗುತ್ತದೆ. ಡೆಕ್ಸ್‌ಟೆರಿಟಿ ಸೇರಿ, ಎರಡು ಮೂರು ಗುಂಡು ಒಂದೇ ಸುತ್ತಲ್ಲಿ ಹಾರಿ, ಒಂದೂ ತಪ್ಪದಿದ್ದರೆ ಮಿಕ್ಕವರು ಕಡ್ಲೆಕಾಯಿ ತಿನ್ನುತ್ತಾ ಕೂರಬೇಕಾಗುತ್ತದೆ. ಆ ಹೊತ್ತಿಗೆ ಜಿಎಂ ಏನು ಮಾಡಬಹುದು ಅಂತ ನೀವೇ ಸೂಚಿಸಿ. 20 ಅಡಿ ಅಂದರೆ ಮ್ಯಾಪ್ ಮೇಲೆ ನಾಲ್ಕೇ ಚೌಕ. ಶತ್ರು ದೂರದಿಂದ ಬಾಣ ಬಿಟ್ಟರೆ ನೀವು ಡೆಡ್‌ಐ ಅನ್ನುವ ಡೀಡ್‌ಗೆ ಗ್ರಿಟ್ ಸುರಿಯಬೇಕು. ಮೈಮೇಲೆ ಬಂದು ನಿಂತರೆ ತುಂಬುವಾಗಲೋ ಹೊಡೆಯುವಾಗಲೋ ಏಟು ತಿನ್ನಬೇಕು. ಸಣ್ಣ, ಚುರುಕು ಪ್ರಾಣಿಗಳ ಟಚ್ ಎಸಿ ಅವುಗಳ ಪೂರ್ತಿ ಎಸಿಯಿಂದ ತುಂಬ ದೂರ ಇರುವುದಿಲ್ಲ. ಇನ್ನು ಸದ್ದು. ಗುಹೆಯಲ್ಲಿ ಒಂದು ಗುಂಡು ಹಾರಿದರೆ ಮುಂದಿನ ಮೂರು ಕೋಣೆಯವರು ಎದ್ದು ಕೂರಬೇಕು. ಪಳಗಿದ ದಸರಾ ಆನೆಗೂ ವರ್ಷ ವರ್ಷ ತಾಲೀಮು ಬೇಕು ಅಂದಮೇಲೆ, ನಿಮ್ಮ ಬಾಡಿಗೆ ಕುದುರೆ ಏನು ಮಹಾ? ಇದನ್ನೆಲ್ಲ ನೀವೇ ಕೊಟ್ಟರೆ ಜಿಎಂ ನಿಮ್ಮ ಕಡೆಗೆ ವಾಲುತ್ತಾರೆ. ನನ್ನ ಅನುಭವದಲ್ಲಿ ಬಂದೂಕಿನ ಜಗಳಗಳಲ್ಲಿ ಅರ್ಧಕ್ಕರ್ಧ, ಆಟಗಾರ ತನ್ನ ದೌರ್ಬಲ್ಯ ಮುಚ್ಚಿಟ್ಟಾಗ ಹುಟ್ಟುವಂಥವು.

ಎಷ್ಟು ಹೇಳಿದರೂ ಜಿಎಂ ಟಚ್ ಎಸಿ ಒಪ್ಪದಿದ್ದರೆ ಬೇರೆ ದಾರಿಗಳೂ ಇವೆ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ 2021ರಲ್ಲಿ ಗನ್‌ಸ್ಲಿಂಗರ್ ಮತ್ತೆ ಬಂದ. ಅಲ್ಲಿ ಟಚ್ ಎಸಿ ಇಲ್ಲ. ಪಿಸ್ತೂಲು ಸಾಮಾನ್ಯವಾಗಿ ತಾಗಿದರೆ ಬರೀ ಡಿ4, ಕ್ರಿಟ್ ಆದರೆ ಡೈಸ್ ಡಿ8ಕ್ಕೆ ಏರಿ, ಮೇಲೊಂದು ಡೈಸ್ ಜಾಸ್ತಿ ಬೀಳುತ್ತದೆ. ದಿನಕ್ಕೊಂದು ಗಂಟೆ ಬಂದೂಕು ಒರೆಸಿ ಇಟ್ಟುಕೊಂಡರೆ ಮಿಸ್‌ಫೈರ್ ಕಾಟ ಬಹುಮಟ್ಟಿಗೆ ಇಲ್ಲ. ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್) ಅನ್ನುವ ಇಂಥದ್ದೇ ಇನ್ನೊಂದು ಆಟದಲ್ಲಿ 2024ರ ಆಟಗಾರರ ಪುಸ್ತಕ ಪಿಸ್ತೂಲು, ಮಸ್ಕೆಟ್‌ಗಳನ್ನು ಮಾಮೂಲಿ ಆಯುಧಗಳ ಪಟ್ಟಿಗೇ ಸೇರಿಸಿದೆ. ಎರಡೂ ಸುಲಭ. ನಿಮಗೆ ಮಾತ್ರ ಮೊದಲ ಆವೃತ್ತಿಯ ಈ ತಂಟೆಕೋರ ಪಿಸ್ತೂಲೇ ಸರಿ ಅನ್ನಿಸುತ್ತದೆ ನನಗೆ. ಮೂರು ಸೆಷನ್ ಹಾಳಾದರೂ ಇಷ್ಟುದ್ದ ಪತ್ರ ಬರೆದಿದ್ದೀರಲ್ಲ.

ಭಾನುವಾರ ಕೂರುವ ಮುಂಚೆ ಪಾತ್ರದ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ: ಬಿಡಿ ಮದ್ದಿಗೆ 1, ಕಾರ್ಟ್ರಿಜ್‌ಗೆ 2, ಮುರಿದಿದ್ದರೆ ಹೊಡೆಯಬಾರದು. ಹೊಡೆಯಲೇಬೇಕಾಗಿ ಬಂದರೆ ಮೊದಲು ವಿಝಾರ್ಡ್ ಎಲ್ಲಿದ್ದಾನೆ ನೋಡಿ. ಸ್ಫೋಟ ಮುಟ್ಟುವುದು 5 ಅಡಿ. ಅವನಿಂದ ಎರಡು ಚೌಕ ಆಚೆ ನಿಲ್ಲಿ.